ನೇವಿ ಬೋಟು ಯಾರು ಕರೆದರೆ ಬರ್ತದೆ? ಕೊರೊನಾ ಕಾಲದ ನೆರೆಯಿಂದ ತಿಳಿದುಕೊಳ್ಳಬೇಕಾದ್ದು

ಕಾರವಾರ: ಕದ್ರಾ ಡ್ಯಾಂ ಗೇಟ್ ತೆಗೆದರು ಅಂತ ವಾಟ್ಸ್ಯಾಪ್ ಗ್ರೂಪಿನಲ್ಲಿ ಮೆಸೇಜ್ ಬಿದ್ದ ಕೂಡಲೇ ಕಾಳಿ ದಂಡೆಯ ಊರುಗಳಲ್ಲಿ ಎರಡು ಪ್ರಶ್ನೆ ಏಳ್ತವೆ. ಒಂದು, "ಈ ಸಲ ಎಷ್ಟು ನೀರು ಬಿಟ್ರಂತೆ?" ಇನ್ನೊಂದು, "ನೇವಿಯವರಿಗೆ ಹೇಳಿದ್ರಾ?"

ಎರಡನೇ ಪ್ರಶ್ನೆ ಕೇಳುವವರಿಗೆ ಹೇಳಬೇಕಾದವರು ಯಾರು ಅನ್ನೋದು ಹೆಚ್ಚಾಗಿ ಗೊತ್ತಿರೋದಿಲ್ಲ. ನೌಕಾನೆಲೆ ಪಕ್ಕದಲ್ಲೇ ಇದೆ, ಅವರ ಹತ್ತಿರ ಬೋಟು, ಹೆಲಿಕಾಪ್ಟರ್, ಡೈವರ್, ಆಸ್ಪತ್ರೆ ಎಲ್ಲ ಇದೆ. ಹಾಗಾಗಿ ಫೋನ್ ಮಾಡಿದರೆ ಬಂದೇ ಬರ್ತಾರೆ ಅನ್ನುವ ನಂಬಿಕೆ. ಆದರೆ ಸೇನೆ, ನೌಕಾಪಡೆ, ವಾಯುಪಡೆ ಯಾವುದೇ ಇರಲಿ, ಊರಿನವರ ಫೋನಿಗೆ ಹೊರಡೋದಿಲ್ಲ. ಅದಕ್ಕೊಂದು ದಾರಿ ಇದೆ. ಆ ದಾರಿ ಕೊರೊನಾ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೇಗೆ ಕೆಲಸ ಮಾಡಿತು, ಎಲ್ಲಿ ಸಿಕ್ಕಿಬಿತ್ತು ಅನ್ನೋದನ್ನು ಮಳೆಗಾಲಕ್ಕೆ ಮುಂಚೆ ತಿಳಿದಿಟ್ಟುಕೊಂಡರೆ ಒಳ್ಳೆಯದು.

2021ರ ಜುಲೈ: ಮೇಲೆ ಮಳೆ, ಒಳಗೆ ಕೊರೊನಾ

2021ರ ಜುಲೈ 22, 23ರ ಮಳೆಯನ್ನು ಜಿಲ್ಲೆಯ ಜನ ಮರೆತಿಲ್ಲ. ಕಾಳಿ, ಗಂಗಾವಳಿ ಎರಡೂ ಒಟ್ಟೊಟ್ಟಿಗೆ ಉಕ್ಕಿದವು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅರಬೈಲ್ ಘಾಟಿಯಲ್ಲಿ ರಸ್ತೆಯೇ ಕುಸಿಯಿತು. ಅದೇ ವಾರ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಬದಲಾಗುತ್ತಿದ್ದರು. ಜುಲೈ 28ಕ್ಕೆ ಪ್ರಮಾಣವಚನ ತೆಗೆದುಕೊಂಡ ಬಸವರಾಜ ಬೊಮ್ಮಾಯಿ ಮರುದಿನವೇ ನಮ್ಮ ಜಿಲ್ಲೆಯ ನೆರೆ ನೋಡಲು ಬಂದಿದ್ದರು.

ಘಾಟಿ ರಸ್ತೆ ಮುಚ್ಚಿತು ಅಂದರೆ ಕರಾವಳಿ ತಾಲೂಕುಗಳಿಗೆ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಲಗುಬಗೆಯಲ್ಲಿ ಸಹಾಯ ಬರೋದು ಕಷ್ಟ. ಅವತ್ತು ನೌಕಾನೆಲೆ ಕೆಲಸಕ್ಕೆ ಬಂದದ್ದು ಈ ಕಾರಣಕ್ಕೇ. ಅವರು ಘಾಟಿ ಇಳಿದು ಬರಬೇಕಿರಲಿಲ್ಲ. ಜಿಲ್ಲಾಡಳಿತ ಕೇಳಿದ ಮೇಲೆ ಕಾರವಾರದಿಂದ ನೌಕಾಪಡೆಯ ತುರ್ತು ಸ್ಪಂದನಾ ತಂಡಗಳು ಜೆಮಿನಿ ಬೋಟು, ಲೈಫ್ ಜಾಕೆಟ್ ಹಿಡಿದು ಕದ್ರಾ, ಮಲ್ಲಾಪುರದ ಕುರ್ನಿಪೇಟೆ, ಕೈಗಾ ಭಾಗಕ್ಕೆ ಹೋದವು. ಸಿಂಗುಡ್ಡ, ಭೈರೆಯಲ್ಲಿ ಸಿಕ್ಕಿಬಿದ್ದಿದ್ದ ನೂರಕ್ಕೂ ಹೆಚ್ಚು ಜನರನ್ನು ಹೊರಗೆ ತಂದವು.

ಇಷ್ಟು ಸುದ್ದಿ ಅವತ್ತೇ ಬಂದಿತ್ತು. ಬೋಟು ಹೊರಡುವ ಮೊದಲು ಏನೇನು ಆಗಬೇಕು ಅನ್ನೋದು ಸುದ್ದಿಯಲ್ಲಿ ಬರೋದಿಲ್ಲ.

ಜೆಮಿನಿ ಅಂದರೆ ಗಾಳಿ ತುಂಬಿದ ರಬ್ಬರ್ ಬೋಟು, ಹಿಂದೆ ಮೋಟಾರು. ನಿಂತ ನೀರಿನಲ್ಲಿ, ಮನೆಗಳ ನಡುವೆ ಚೆನ್ನಾಗಿ ಹೋಗ್ತದೆ. ಆದರೆ ನೀರಿನ ಕೆಳಗೆ ತಂತಿಬೇಲಿ, ಕಾಂಪೌಂಡಿನ ಗಾಜಿನ ಚೂರು, ಮುಳುಗಿದ ಬಾವಿಕಟ್ಟೆ ಇದ್ದರೆ ಕತೆ ಮುಗೀತು. ಬೋಟಿನಲ್ಲಿ ಬಂದ ಕೇರಳದವನಿಗೋ ಹರಿಯಾಣದವನಿಗೋ ನಮ್ಮೂರ ಬಾವಿ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಬೋಟಿನ ಮುಂದೆ ಊರಿನ ಒಬ್ಬ ಕೂರಬೇಕು. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಹೆಸ್ಕಾಂನವರು ಹೇಳಬೇಕು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಬೆಳಿಗ್ಗೆಯೇ ನೆಂಟರ ಮನೆಗೆ ಹೋಗಿಯಾಗಿದೆ ಅನ್ನೋ ಪಟ್ಟಿಯನ್ನು ಪಂಚಾಯ್ತಿಯವರು ಕೊಡಬೇಕು. ಕೊರೊನಾ ಕಾಲದಲ್ಲಿ ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿತು: ಯಾವ ಮನೆಯಲ್ಲಿ ಪಾಸಿಟಿವ್ ಇದ್ದಾರೆ, ಯಾರು ಹೋಂ ಕ್ವಾರಂಟೈನ್‌ನಲ್ಲಿದ್ದಾರೆ.

ಈ ಕೊನೆಯ ಕಾಲಂ ನೌಕಾಪಡೆಯ ಹತ್ತಿರ ಇರೋದಿಲ್ಲ, ಡಿಸಿ ಕಚೇರಿಯಲ್ಲೂ ಮನೆ ನಂಬರ್ ಸಮೇತ ಬೇಗ ಸಿಗೋದಿಲ್ಲ. ಇರೋದು ಆಶಾ ಕಾರ್ಯಕರ್ತೆಯರ ಹತ್ತಿರ. ಮಿಲಿಟರಿ ಮತ್ತು ಸಿವಿಲ್ ಸಹಕಾರ ಅಂತ ದೊಡ್ಡ ಹೆಸರಿಟ್ಟು ಕರೆಯುವ ಕೆಲಸದ ಒಂದು ತುದಿಯಲ್ಲಿ ರಿಯರ್ ಅಡ್ಮಿರಲ್ ಇದ್ದರೆ ಇನ್ನೊಂದು ತುದಿಯಲ್ಲಿ ನೋಟ್‌ಬುಕ್ ಹಿಡಿದ ಆಶಾ ಅಕ್ಕ ಇರ್ತಾರೆ. ನಡುವಿನ ಕೊಂಡಿ ಒಂದು ಕಳಚಿದರೂ ಬೋಟು ದಡದಲ್ಲೇ ಕಾಯಬೇಕು.

ಕರೆಯುವ ಅಧಿಕಾರ ಯಾರಿಗೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರಬೇಕು. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎಸ್‌ಪಿ, ಜಿಲ್ಲಾ ಆರೋಗ್ಯಾಧಿಕಾರಿ ಎಲ್ಲ ಅದರಲ್ಲಿರ್ತಾರೆ. ಊರಿಂದ ಸುದ್ದಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಪಿಡಿಒ ಮೂಲಕ ತಹಶೀಲ್ದಾರರಿಗೆ, ಅಲ್ಲಿಂದ ಎಸಿಗೆ, ಅಲ್ಲಿಂದ ಡಿಸಿಗೆ ಹೋಗ್ತದೆ. ನಮ್ಮ ಕೈಲಿರುವ ಜನ, ದೋಣಿ, ಯಂತ್ರ ಸಾಲೋದಿಲ್ಲ ಅಂತ ಕಂಡರೆ ಡಿಸಿ ಸೇನೆಯ ನೆರವು ಕೇಳ್ತಾರೆ. ಒಂದು ಕಡೆ ರಾಜ್ಯ ಸರ್ಕಾರಕ್ಕೆ ತಿಳಿಸ್ತಾರೆ, ಇನ್ನೊಂದು ಕಡೆ ಹತ್ತಿರದ ಸೇನಾ ಕೇಂದ್ರದ ಮುಖ್ಯಸ್ಥರಿಗೆ ಕೋರಿಕೆ ಕಳಿಸ್ತಾರೆ. ಕಾರವಾರದ ಮಟ್ಟಿಗೆ ಅದು ಕರ್ನಾಟಕ ನೌಕಾ ವಲಯದ ಫ್ಲಾಗ್ ಆಫೀಸರ್ ಕಚೇರಿ. ಆ ಕಚೇರಿ ಮುಂಬೈಯ ಪಶ್ಚಿಮ ನೌಕಾ ಕಮಾಂಡಿನ ಕೆಳಗೆ ಬರ್ತದೆ. ಜೀವ ಹೋಗುವ ಹೊತ್ತಿನಲ್ಲಿ ಫೋನಿನಲ್ಲೇ ಕೇಳಿ ಕಾಗದ ಆಮೇಲೆ ಕಳಿಸೋದೂ ಉಂಟು. ಆದರೆ ಕಾಗದ ಅಂತೂ ಬೇಕೇ ಬೇಕು.

ಇದು ಸುಮ್ಮನೆ ಕೆಂಪುಪಟ್ಟಿ ಅಲ್ಲ. ಬಂದೂಕು ಹಿಡಿಯುವ ಪಡೆ ಊರೊಳಗೆ ಕೆಲಸ ಮಾಡುವಾಗ ಅದು ಚುನಾಯಿತ ಸರ್ಕಾರದ ಮಾತಿನ ಕೆಳಗೇ ಇರಬೇಕು ಅನ್ನೋದು ನಮ್ಮ ವ್ಯವಸ್ಥೆ. ಹಾಗಾಗಿ ನೆರೆಯಲ್ಲಿ ಯಾವ ಊರಿಗೆ ಮೊದಲು ಹೋಗಬೇಕು ಅಂತ ತೀರ್ಮಾನ ಮಾಡೋದು ಡಿಸಿ. ಬೋಟನ್ನು ಹೇಗೆ ನಡೆಸಬೇಕು, ಇಷ್ಟು ಸೆಳೆತದಲ್ಲಿ ಇಳಿಸಬಹುದೋ ಬಾರದೋ ಅಂತ ತೀರ್ಮಾನ ಮಾಡೋದು ಆ ತಂಡದ ಅಧಿಕಾರಿ. ಸೇನೆಯನ್ನು ಕೊನೆಗೆ ಕರೆಯಬೇಕು, ಮೊದಲು ಕಳಿಸಿಕೊಡಬೇಕು ಅನ್ನೋದು ಇದರ ಹಳೆಯ ಪದ್ಧತಿ. ಅವರ ಮುಖ್ಯ ಕೆಲಸ ಗಡಿ ಮತ್ತು ಸಮುದ್ರ.

ಇಲ್ಲೊಂದು ಕೊರತೆಯನ್ನೂ ಹೇಳಲೇಬೇಕು. ಅದೇ ಕಾಯ್ದೆಯ ಪ್ರಕಾರ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು ಈ ಪ್ರಾಧಿಕಾರದ ಸಹ ಅಧ್ಯಕ್ಷರು. 2021ರ ಬೇಸಿಗೆಯಲ್ಲಿ ರಾಜ್ಯದ ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಎರಡನೇ ಅಲೆ ಇಳಿಯುತ್ತಾ ಇದ್ದ ಆ ಜುಲೈ ನೆರೆಯ ಹೊತ್ತಿಗೆ ಆ ಕುರ್ಚಿಯಲ್ಲಿ ಜನ ಆರಿಸಿದವರು ಯಾರೂ ಇರಲಿಲ್ಲ. ಊರಿನ ಕಷ್ಟ ಸಭೆಯಲ್ಲಿ ಹೇಳುವ ಜನಪ್ರತಿನಿಧಿ ಅಂತ ಉಳಿದದ್ದು 2020ರ ಡಿಸೆಂಬರ್‌ನಲ್ಲಿ ಆರಿಸಿಬಂದ ಗ್ರಾಮ ಪಂಚಾಯ್ತಿ ಸದಸ್ಯರು ಮತ್ತು ಶಾಸಕರು ಮಾತ್ರ.

ಎಲ್ಲ ಸಮವಸ್ತ್ರವೂ ಮಿಲಿಟರಿ ಅಲ್ಲ

ಕಿತ್ತಳೆ ಬಣ್ಣದ ಬಟ್ಟೆ ಹಾಕಿ ಬರುವ ಎನ್‌ಡಿಆರ್‌ಎಫ್‌ನವರನ್ನು ಜನ "ಮಿಲಿಟರಿ ಬಂತು" ಅಂತಾರೆ. ಅದು ಸೇನೆ ಅಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ ಮುಂತಾದ ಪಡೆಗಳಿಂದ ಆರಿಸಿ ಕಟ್ಟಿದ, ಕೇಂದ್ರ ಗೃಹ ಇಲಾಖೆಯ ಕೆಳಗಿರುವ ಪಡೆ. ಕರ್ನಾಟಕ ಬರೋದು ಆಂಧ್ರದಲ್ಲಿ ನೆಲೆ ಇರುವ 10ನೇ ಬೆಟಾಲಿಯನ್ ವ್ಯಾಪ್ತಿಗೆ. ಎಸ್‌ಡಿಆರ್‌ಎಫ್ ನಮ್ಮ ರಾಜ್ಯದ್ದು, ಅಗ್ನಿಶಾಮಕ ಇಲಾಖೆಯ ಜೊತೆ ಕೆಲಸ ಮಾಡ್ತದೆ. ಕೋಸ್ಟ್ ಗಾರ್ಡ್ ಮಾತ್ರ ರಕ್ಷಣಾ ಇಲಾಖೆಯ ಕೆಳಗಿನದು, ಸಮುದ್ರದಲ್ಲಿ ಹುಡುಕಾಟ ಮತ್ತು ರಕ್ಷಣೆಯ ಜವಾಬ್ದಾರಿ ಅವರದ್ದು. ಮೀನುಗಾರಿಕೆ ಬೋಟು ಕೆಟ್ಟು ನಿಂತರೆ 1554ಕ್ಕೆ ನೀವೇ ನೇರವಾಗಿ ಫೋನ್ ಮಾಡಬಹುದು, ಡಿಸಿ ಪತ್ರಕ್ಕೆ ಕಾಯಬೇಕಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಬಂದರಿನಲ್ಲಿ ಹೊತ್ತು ಕಳೆದವರಿದ್ದಾರೆ.

ಪತಂಜಲಿ ಆಸ್ಪತ್ರೆ ಬಾಗಿಲು ತೆರೆದ ದಿನಗಳು

ಕೊರೊನಾ ಅಂದರೆ ಆಸ್ಪತ್ರೆಯ ವಿಷಯ, ನೆರೆ ಅಂದರೆ ಕಂದಾಯ ಇಲಾಖೆಯ ವಿಷಯ ಅಂತ ಬೇರೆ ಬೇರೆ ಮಾಡಿ ನೋಡೋದು ರೂಢಿ. ಕಾನೂನಿನ ಕಣ್ಣಿಗೆ ಎರಡೂ ಒಂದೇ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೋವಿಡ್ಡನ್ನು ವಿಪತ್ತು ಅಂತಲೇ ಪರಿಗಣಿಸಿತು. ಲಾಕ್‌ಡೌನ್ ಆದೇಶ ಬಂದದ್ದೂ ಇದೇ 2005ರ ಕಾಯ್ದೆಯ ಕೆಳಗೆ. ಹಾಗಾಗಿ ಡಿಸಿ ನೆರೆಗೆ ಬೋಟು ಕೇಳುವ ದಾರಿಯಲ್ಲೇ ರೋಗಿಗೆ ಹಾಸಿಗೆಯನ್ನೂ ಕೇಳಬಹುದಿತ್ತು. ಕೇಳಿದರು ಕೂಡ.

2020ರ ಮಾರ್ಚ್ ಕೊನೆಗೆ ಭಟ್ಕಳದಲ್ಲಿ ಪ್ರಕರಣಗಳು ಕಾಣಿಸಿಕೊಂಡಾಗ ಜಿಲ್ಲೆಯಲ್ಲಿ ಕೋವಿಡ್ಡಿಗೆಂದೇ ಸಜ್ಜಾದ ವಾರ್ಡು ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಎಲ್ಲರನ್ನೂ ಮಂಗಳೂರಿಗೆ ಕಳಿಸೋಣ ಅಂದರೆ ಗಂಟೆಗಟ್ಟಲೆ ದಾರಿ, ಗಡಿಗಳಲ್ಲಿ ತಡೆ. ಆಗ ಕಾರವಾರದ ನೌಕಾಪಡೆ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿ ಜಿಲ್ಲಾಡಳಿತದ ಕೋರಿಕೆಯ ಮೇಲೆ ಭಟ್ಕಳದ ಸಾಮಾನ್ಯ ಜನರನ್ನು ಸೇರಿಸಿಕೊಂಡಿತು. ಅವರಲ್ಲಿ ಹೆಚ್ಚಿನವರು ಏಪ್ರಿಲ್ ಮುಗಿಯುವುದರೊಳಗೆ ಗುಣವಾಗಿ ಮನೆಗೆ ಬಂದರು. ನೌಕಾನೆಲೆಯ ಒಳಗಿನ ಆಸ್ಪತ್ರೆ ಊರಿನವರಿಗೆ ಬಾಗಿಲು ತೆರೆದದ್ದು ಸಣ್ಣ ಮಾತಲ್ಲ. ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಜಮೀನು ಬಿಟ್ಟುಕೊಟ್ಟಿದ್ದವು. ಅಲ್ಲಿಂದ ಈಚೆಗೆ ಆ ಗೇಟನ್ನು ದಾಟಲು ಪಾಸ್ ಬೇಕು ಅನ್ನೋದೇ ಜನರಿಗೆ ಗೊತ್ತಿದ್ದದ್ದು.

ಅದು ತಾತ್ಕಾಲಿಕ ಏರ್ಪಾಡು, ಹಾಗೇ ಇರಬೇಕಿತ್ತು. ನೌಕಾಪಡೆ ಆಸ್ಪತ್ರೆ ಇರೋದು ನಾವಿಕರಿಗೆ ಮತ್ತು ಅವರ ಕುಟುಂಬದವರಿಗೆ. ಹಡಗಿನ ಒಳಗೆ ಒಬ್ಬರಿಗೆ ರೋಗ ಬಂದರೆ ಇಡೀ ಹಡಗೇ ಮಲಗ್ತದೆ. ಆಮೇಲೆ ಬಂದ ರೋಗಿಗಳನ್ನು ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ನೋಡಿಕೊಂಡಿತು. ಪತಂಜಲಿಯಿಂದ ಜಿಲ್ಲೆಗೆ ನಿಜವಾಗಿ ಸಿಕ್ಕಿದ್ದು ತನ್ನ ವಾರ್ಡು ತಯಾರು ಮಾಡಿಕೊಳ್ಳಲು ಬೇಕಾದ ಕೆಲವು ದಿನ. ಎರಡನೇ ಅಲೆಯಲ್ಲಿ ನೌಕಾಪಡೆಯವರು ಕಾರವಾರದಲ್ಲಿ ಸುಮಾರು 1500 ವಲಸೆ ಕಾರ್ಮಿಕರಿಗೆ ಅಗತ್ಯ ಸಾಮಾನು, ಆರೋಗ್ಯ ಸೇವೆ ಒದಗಿಸಿದರು. ಅದೇ ಹೊತ್ತಿಗೆ ಆಮ್ಲಜನಕಕ್ಕೆ ದೇಶವೆಲ್ಲ ಹಾಹಾಕಾರ. 2021ರ ಮೇ 5ಕ್ಕೆ ಐಎನ್‌ಎಸ್ ತಲ್ವಾರ್ ಬಹರೇನ್‌ನಿಂದ ದ್ರವ ಆಮ್ಲಜನಕದ ಎರಡು ಕಂಟೇನರ್ ಹೊತ್ತು ನವಮಂಗಳೂರು ಬಂದರಿಗೆ ಬಂತು. ಯುದ್ಧನೌಕೆ ಸಿಲಿಂಡರಿನ ಲಾರಿಯಾದ ವರ್ಷ ಅದು.

ತೌಕ್ತೆ ಬಂದಾಗ ಅಂಗಡಿ ಮುಚ್ಚಿತ್ತು

ತಲ್ವಾರ್ ಬಂದು ಹತ್ತು ದಿನ ಆಗಿತ್ತಷ್ಟೇ, ತೌಕ್ತೆ ಚಂಡಮಾರುತ ಬಂತು. 2021ರ ಮೇ 15, 16. ರಾಜ್ಯದಲ್ಲಿ ಲಾಕ್‌ಡೌನ್, ದಿನಸಿ, ಹಾಲು, ತರಕಾರಿಗೆ ಬೆಳಿಗ್ಗೆ 6ರಿಂದ 10 ಮಾತ್ರ. ಚಂಡಮಾರುತದ ಎಚ್ಚರಿಕೆ ಸಿಕ್ಕಿದ ಮೇಲೆ ಜನ ಮಾಡೋದೇನು? ತಾಡಪತ್ರಿ ತರ್ತಾರೆ, ಹಗ್ಗ ತರ್ತಾರೆ, ಟಾರ್ಚಿಗೆ ಸೆಲ್, ಮೇಣದ ಬತ್ತಿ, ಎರಡು ದಿನದ ಅಕ್ಕಿ ಬೇಳೆ ತರ್ತಾರೆ. ಅವತ್ತು ಅದನ್ನೆಲ್ಲ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಪೇಟೆಯಲ್ಲಿ ಗುಂಪು ಕಟ್ಟಬಾರದು, ಪೊಲೀಸರು ಹಿಡಿದರೆ ಉತ್ತರ ಹೇಳಬೇಕು. ರೋಗಕ್ಕೆ ಮಾಡಿದ ನಿಯಮ ಗಾಳಿಮಳೆಯ ತಯಾರಿಯ ಕೈ ಕಟ್ಟಿತ್ತು. ಎರಡೂ ಒಂದೇ ಡಿಸಿಯ ಮೇಜಿನ ಮೇಲಿನ ಕಡತ. ಎಚ್ಚರಿಕೆ ಬಂದ ದಿನ ಹಾರ್ಡ್‌ವೇರ್ ಮತ್ತು ದಿನಸಿ ಅಂಗಡಿಗೆ ಎರಡು ತಾಸು ಹೆಚ್ಚು ಕೊಡುವ ಅಂಶ ಜಿಲ್ಲೆಯ ವಿಪತ್ತು ಯೋಜನೆಯಲ್ಲೇ ಬರೆದಿರಬೇಕು. ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಿಶೀಲಿಸಬೇಕು ಅಂತ ಕಾಯ್ದೆಯ 31ನೇ ಸೆಕ್ಷನ್ ಹೇಳ್ತದೆ. ವರ್ತಕರ ಸಂಘದವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಇದನ್ನು ಕೇಳಬಹುದು.

ಪಕ್ಕದ ಉಡುಪಿ ಕರಾವಳಿಯಲ್ಲಿ ಆ ಚಂಡಮಾರುತ ಒಂದು ಟಗ್ಗನ್ನು ಕಾಪು ಸಮೀಪದ ಸಮುದ್ರದ ಬಂಡೆಗಳ ನಡುವೆ ಸಿಕ್ಕಿಸಿಬಿಟ್ಟಿತ್ತು. ಅದರಲ್ಲಿದ್ದ 9 ಜನರನ್ನು ಮೇ 17ರಂದು ಕೋಸ್ಟ್ ಗಾರ್ಡ್ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಉಳಿಸಿದವು. ಅಂಥ ಕೆಲಸ ಯಾವ ತಾಲೂಕು ಆಡಳಿತದಿಂದಲೂ ಆಗೋದಲ್ಲ, ಊರಿನ ದೋಣಿಯಿಂದಲೂ ಆಗೋದಲ್ಲ. ಮಿಲಿಟರಿ ಬೇಕಾಗೋದು ಇಂಥದ್ದಕ್ಕೆ.

ಕಾಳಜಿ ಕೇಂದ್ರದ ಲೆಕ್ಕ

ಬೋಟಿನಲ್ಲಿ ಕರೆತಂದವರನ್ನು ಇಳಿಸೋದು ಎಲ್ಲಿ? ಕೊರೊನಾ ಕಾಲದ ದೊಡ್ಡ ತಲೆನೋವು ಇದೇ ಆಗಿತ್ತು. ನಮ್ಮಲ್ಲಿ ಕಾಳಜಿ ಕೇಂದ್ರ ಅಂದರೆ ಸರ್ಕಾರಿ ಶಾಲೆ ಅಥವಾ ಸಮುದಾಯ ಭವನ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ತರಗತಿ ಕೋಣೆ ಅಂದರೆ 400 ಚದರ ಅಡಿ. ಮಾಮೂಲಿ ನೆರೆಯಲ್ಲಿ ಅಲ್ಲಿ ಮೂವತ್ತು ಜನ ಚಾಪೆ ಹಾಸಿ ಮಲಗ್ತಾರೆ. ಒಬ್ಬರಿಂದ ಒಬ್ಬರಿಗೆ ಆರಡಿ ಬಿಡಬೇಕು ಅಂದರೆ ಒಬ್ಬರಿಗೆ 36 ಚದರ ಅಡಿ, ಅಂದರೆ ಹನ್ನೊಂದು ಜನ. ಅದೇ ಊರಿಗೆ ಮೂರು ಪಟ್ಟು ಕೋಣೆ ಬೇಕು. ಜ್ವರ ಇದ್ದವರಿಗೆ ಬೇರೆ ಕೋಣೆ, ಬೇರೆ ಪಾಯಖಾನೆ. ಕೆಲವು ಶಾಲೆ, ಹಾಸ್ಟೆಲ್‌ಗಳನ್ನು ಅದಾಗಲೇ ಕೋವಿಡ್ ಕೇರ್ ಸೆಂಟರ್ ಮಾಡಿಯಾಗಿತ್ತು.

ಹಾಗಾಗಿ ಜನ ಹಿಂದೆಮುಂದೆ ನೋಡಿದರು. ನೀರಿಗೆ ಹೆದರಬೇಕೋ ರೋಗಕ್ಕೆ ಹೆದರಬೇಕೋ ಅಂತ ಅಟ್ಟದ ಮೇಲೆ ಕೂತವರಿದ್ದರು. ತಡವಾಗಿ ಹೊರಟರೆ ಬೋಟು ಹೋಗುವ ಹೊತ್ತಿಗೆ ಸೆಳೆತ ಹೆಚ್ಚಾಗಿರ್ತದೆ, ಕತ್ತಲಾಗಿರ್ತದೆ. ಬೋಟಿನವರಿಗೆ ಅಪಾಯ ಹೆಚ್ಚಾಗೋದು ಇಲ್ಲಿಂದ. ಸೇನೆ, ಪೊಲೀಸ್, ಹೋಂ ಗಾರ್ಡ್‌ನವರಿಗೆ ಮುಂಚೂಣಿ ಕಾರ್ಯಕರ್ತರು ಅಂತ 2021ರ ಫೆಬ್ರವರಿಯಿಂದಲೇ ಲಸಿಕೆ ಶುರುವಾಗಿತ್ತು. ಬೋಟಿನಲ್ಲಿ ಕೂರುವ ಹಳ್ಳಿ ಹುಡುಗರಿಗೆ, ದೋಣಿ ಹಾಕುವ ಅಂಬಿಗರಿಗೆ, ಕೇಂದ್ರದಲ್ಲಿ ಅನ್ನ ಬೇಯಿಸುವ ಹೆಂಗಸರಿಗೆ ಹಾಗೆ ಮೊದಲ ಸಾಲು ಸಿಗಲಿಲ್ಲ. ಮುಂದೆ ಇಂಥ ರೋಗ ಬಂದರೆ ಈ ಪಟ್ಟಿಯನ್ನು ಪಂಚಾಯ್ತಿ ಮೊದಲೇ ಬರೆದು ಕೊಡೋದು ಒಳ್ಳೆಯದು.

ಕದ್ರಾ ಕೆಳಗಿನ ಊರುಗಳಿಗೆ ಇನ್ನೊಂದು ಅನುಕೂಲ ಇದೆ, ಆದರೆ ಬಳಕೆ ಕಮ್ಮಿ. ಕೈಗಾ ಅಣುಸ್ಥಾವರದ ಸುತ್ತ 16 ಕಿ.ಮೀ. ವ್ಯಾಪ್ತಿಗೆ ತುರ್ತು ಯೋಜನೆ ಇದೆ, ಅದರ ಅಣಕು ಕಾರ್ಯಾಚರಣೆ ಆಗಾಗ ನಡೀತದೆ. ಅದರ ಮೇಲುಸ್ತುವಾರಿಯೂ ಡಿಸಿಯದ್ದೇ. ಯಾವ ಊರಿಗೆ ಯಾವ ಬಸ್ಸು, ಯಾವ ಶಾಲೆ ಅಂತ ಅಲ್ಲಿ ಮೊದಲೇ ಗುರುತಿಸಿಟ್ಟಿರ್ತಾರೆ. ಆ ತಯಾರಿ ನೆರೆಗೂ ಉಪಯೋಗಕ್ಕೆ ಬರ್ತದೆ. ಬೇರೆ ಕಡತ ಅಂತ ಬೀರುವಿನಲ್ಲಿ ಇಟ್ಟರೆ ಏನು ಉಪಯೋಗ?

ಅಂಗಡಿಯವರು, ವಾಹನದವರು ಗಮನಿಸಬೇಕಾದ್ದು

ವಿಪತ್ತಿನ ಹೊತ್ತಿಗೆ ಜಿಲ್ಲಾ ಪ್ರಾಧಿಕಾರ ನಿಮ್ಮ ಪಿಕಪ್, ಲಾರಿ, ದೋಣಿ, ಜೆಸಿಬಿ, ಗೋದಾಮು, ಲಾಡ್ಜ್ ಯಾವುದನ್ನೂ ವಶಕ್ಕೆ ತೆಗೆದುಕೊಳ್ಳಬಹುದು. ಕಾಯ್ದೆಯ 65ನೇ ಸೆಕ್ಷನ್ ಆ ಅಧಿಕಾರ ಕೊಡ್ತದೆ. ಕೊರೊನಾದಲ್ಲಿ ಲಾಡ್ಜ್‌ಗಳು ಕ್ವಾರಂಟೈನ್ ಕೇಂದ್ರ ಆದದ್ದು ನೆನಪಿರಬಹುದು. ಆದರೆ ಪುಕ್ಕಟೆ ಅಲ್ಲ. 66ನೇ ಸೆಕ್ಷನ್ ಪ್ರಕಾರ ಜಾಗಕ್ಕೆ ಆ ಊರಿನ ಬಾಡಿಗೆ, ವಾಹನಕ್ಕೆ ಚಾಲ್ತಿಯಲ್ಲಿರುವ ಬಾಡಿಗೆ ದರ ನೋಡಿ ಪರಿಹಾರ ಕೊಡಬೇಕು. ಕೊಟ್ಟದ್ದು ಕಮ್ಮಿ ಅನಿಸಿದರೆ 30 ದಿನದೊಳಗೆ ಮಧ್ಯಸ್ಥಗಾರರ ಮುಂದೆ ಇಡಿ ಅಂತ ಅರ್ಜಿ ಹಾಕಬಹುದು. ಅದಕ್ಕೇ ಬಾಯಿಮಾತಿನಲ್ಲಿ ವಾಹನ ಕೊಡಬೇಡಿ, ಆದೇಶದ ಪ್ರತಿ ಕೇಳಿ, ಕಿಲೋಮೀಟರ್ ರೀಡಿಂಗ್ ಫೋಟೊ ತೆಗೆದಿಡಿ. ಸಕಾರಣ ಇಲ್ಲದೆ ಆದೇಶ ಮೀರಿದರೆ 51ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ ಅನ್ನೋದೂ ಗೊತ್ತಿರಲಿ. ಡ್ಯಾಂ ಒಡೀತು ಅಂತ ಸುಳ್ಳು ಮೆಸೇಜ್ ಹಂಚುವವರಿಗೆ 54ನೇ ಸೆಕ್ಷನ್ ಇದೆ.

ಬೋಟಿನಲ್ಲಿ ಕರೆತಂದದ್ದಕ್ಕೆ ನೌಕಾಪಡೆಯವರು ಯಾರ ಹತ್ತಿರವೂ ದುಡ್ಡು ಕೇಳೋದಿಲ್ಲ. ಖರ್ಚಿನ ಲೆಕ್ಕ ಏನಿದ್ದರೂ ಕೇಂದ್ರ, ರಾಜ್ಯ ಸರ್ಕಾರಗಳ ನಡುವಿನದ್ದು. ಹಿಂದಿನ ವರ್ಷಗಳ ಹೆಲಿಕಾಪ್ಟರ್ ಕಾರ್ಯಾಚರಣೆಗಳ ಬಾಬ್ತು 132 ಕೋಟಿ ರೂಪಾಯಿಗೂ ಮೇಲೆ ಕೊಡಿ ಅಂತ 2024ರಲ್ಲಿ ರಕ್ಷಣಾ ಇಲಾಖೆ ಕೇರಳಕ್ಕೆ ಪತ್ರ ಬರೆದು ದೊಡ್ಡ ಗದ್ದಲವೇ ಆಗಿತ್ತು.

ಪರಿಹಾರದ ವಿಷಯದಲ್ಲಿ ಅಂಗಡಿಯವರು ಹಿಂದೆ ಬೀಳ್ತಾರೆ. ಎಸ್‌ಡಿಆರ್‌ಎಫ್ ಮಾರ್ಗಸೂಚಿಯಲ್ಲಿ ಪ್ರಾಣಹಾನಿ, ಮನೆ, ಬೆಳೆ, ಜಾನುವಾರು, ಮೀನುಗಾರರ ದೋಣಿ ಬಲೆ, ಕೈಕಸುಬಿನವರ ಸಲಕರಣೆ ಇದೆ. ಅಂಗಡಿಯ ಸರಕು ಅಂತ ಬಾಬ್ತು ಇಲ್ಲ. 2021ರಲ್ಲಿ ಮನೆಯೊಳಗೆ ನೀರು ನುಗ್ಗಿದ ಕುಟುಂಬಕ್ಕೆ 10 ಸಾವಿರ ರೂಪಾಯಿ ತಕ್ಷಣದ ಪರಿಹಾರ ಇತ್ತು. ಎರಡು ಲಕ್ಷದ ಅಕ್ಕಿ, ಸಕ್ಕರೆ ನೆನೆದ ಅಂಗಡಿಯವರು ಸರ್ಕಾರದ ವಿಶೇಷ ಘೋಷಣೆಗೆ ಕಾಯಬೇಕು. ಅಂಗಡಿ ವಿಮೆ ಮಾಡಿಸಿದ್ದರೆ ಅದರಲ್ಲಿ ನೆರೆ, ಬಿರುಗಾಳಿ ಸೇರಿದೆಯೋ ಅಂತ ಪಾಲಿಸಿ ತೆಗೆದು ಈಗಲೇ ನೋಡಿ. ಬೆಂಕಿಗೆ ಮಾತ್ರ ಇದ್ದು ನೆರೆ ಬಿಟ್ಟುಹೋಗಿದ್ದರೆ ನೀರು ಬಂದ ಮೇಲೆ ಗೊತ್ತಾಗಿ ಉಪಯೋಗ ಇಲ್ಲ. ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ ಸಿಕ್ಕ 50 ಸಾವಿರ ರೂಪಾಯಿಯೂ ಇದೇ ಎಸ್‌ಡಿಆರ್‌ಎಫ್ ದುಡ್ಡು, ಅದೂ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

ತಡ ಆಗೋದು ಎಲ್ಲಿ

ಕರೆದ ಕೂಡಲೇ ಎಲ್ಲ ಪಡೆಯೂ ಬರ್ತದೆ ಅಂತ ಭಾವಿಸಬಾರದು. ಕೊರೊನಾ ಮುಗಿದ ಮೇಲಿನದ್ದಾದರೂ ಶಿರೂರಿನ ಉದಾಹರಣೆ ನಮ್ಮ ಕಣ್ಣ ಮುಂದಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ರಸ್ತೆ ಬದಿಯ ಚಹಾದಂಗಡಿ ಸಮೇತ ಗಂಗಾವಳಿಗೆ ಹೋಯಿತು. ಬೆಳಗಾವಿಯಿಂದ ಸೇನೆಯ ತಂಡ ಸ್ಥಳಕ್ಕೆ ಬಂದದ್ದು ಜುಲೈ 21ಕ್ಕೆ. ನೌಕಾಪಡೆಯ ಡೈವರ್‌ಗಳಿದ್ದರೂ ಹೊಳೆಯ ಸೆಳೆತಕ್ಕೆ ಇಳಿಯಲು ಆಗದ ದಿನಗಳೇ ಹೆಚ್ಚು. ಹೊಳೆಯೊಳಗಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜ್ಜರ್ ತಂದ ಮೇಲೆ. ಶಕ್ತಿ ಇದ್ದವರು ಪಕ್ಕದಲ್ಲಿದ್ದರೂ ಹೊಳೆ ಬಿಡಬೇಕಲ್ಲ.

ಇನ್ನೊಂದು ಮಾತು ನೌಕಾನೆಲೆಯ ಪಕ್ಕದ ಊರುಗಳದ್ದು. ಚೆಂಡಿಯಾ, ಅರ್ಗಾ ಭಾಗದಲ್ಲಿ ಜೋರು ಮಳೆಗೆ ಹೆದ್ದಾರಿ ಮೇಲೆ, ಮನೆಗಳೊಳಗೆ ನೀರು ನಿಲ್ತದೆ. ಗುಡ್ಡದ ನೀರು ಸಮುದ್ರಕ್ಕೆ ಹೋಗುವ ಹಳ್ಳಗಳು ನೌಕಾನೆಲೆಯ ಕಾಂಪೌಂಡ್ ಮತ್ತು ಹೆದ್ದಾರಿ ಕಾಮಗಾರಿಯಿಂದ ಕಟ್ಟಿಕೊಂಡಿವೆ ಅನ್ನೋದು ಅಲ್ಲಿಯವರ ದೂರು. ಬೋಟು ಕಳಿಸೋದು ಹೇಗೆ ಸಹಕಾರವೋ, ಮೇ ತಿಂಗಳಲ್ಲೇ ಆ ಹಳ್ಳಗಳ ಹೂಳು ತೆಗೆಸೋದೂ ಸಹಕಾರವೇ. ಅದಕ್ಕೆ ಜೆಮಿನಿ ಬೇಡ, ಡಿಸಿ ಕಚೇರಿ, ನೌಕಾನೆಲೆ, ಹೆದ್ದಾರಿ ಪ್ರಾಧಿಕಾರ ಮೂವರೂ ಒಂದು ದಿನ ಒಟ್ಟಿಗೆ ಆ ಹಳ್ಳದ ದಂಡೆಯಲ್ಲಿ ನಡೆದರೆ ಸಾಕು.

ನೀರು ಬರುವ ಮೊದಲು, ಇಳಿದ ಮೇಲೆ

ಕದ್ರಾದಿಂದ ನೀರು ಬಿಡುವ ಮೊದಲು ಕೆಪಿಸಿಎಲ್‌ನವರು ಹಂತ ಹಂತವಾಗಿ ಮುನ್ನೆಚ್ಚರಿಕೆ ಕೊಡ್ತಾರೆ. ಜಲಾಶಯದ ಗರಿಷ್ಠ ಮಟ್ಟ 34.5 ಮೀಟರ್, ಮಳೆಗಾಲದಲ್ಲಿ ಅದಕ್ಕಿಂತ ಕೆಳಗೇ ಇಟ್ಟು ಗೇಟ್ ತೆಗೆಯೋದು ರೂಢಿ. ಮೊದಲ ನೋಟಿಸ್ ಬಂದಾಗಲೇ ಹಾಸಿಗೆ ಹಿಡಿದವರನ್ನು, ಡಯಾಲಿಸಿಸ್ ಬೇಕಾದವರನ್ನು ಮೇಲಿನ ಊರಿಗೆ ಕಳಿಸಿ. ಔಷಧಿ ಅಂಗಡಿಯವರು ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್ ಒಂದು ವಾರಕ್ಕಾಗುವಷ್ಟು ಹೆಚ್ಚು ತರಿಸಿಡಿ, ಕರೆಂಟ್ ಹೋದರೆ ಇನ್ಸುಲಿನ್ ಎಲ್ಲಿಡೋದು ಅಂತಲೂ ನೋಡಿಕೊಳ್ಳಿ. ಕಾಳಜಿ ಕೇಂದ್ರಕ್ಕೆ ಹೋಗುವಾಗ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ.

ನೀರು ಇಳಿದ ಮೇಲೆ ಎಲ್ಲರೂ ಮೊದಲು ಮಾಡೋದು ಕೆಸರು ತೊಳೆಯೋದು. ತೊಳೆಯುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು, ಹಾಳಾದ ಸಾಮಾನು ಎಲ್ಲದರ ಫೋಟೊ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡುವಾಗ ಎದುರಿಗಿದ್ದು, ಬರೆದದ್ದನ್ನು ಓದಿಸಿಕೊಂಡೇ ಸಹಿ ಮಾಡಿ.

ಜಿಲ್ಲಾ ಕಂಟ್ರೋಲ್ ರೂಂ 1077, ರಾಜ್ಯದ್ದು 1070, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಯಾವುದಕ್ಕೂ 112, ಸಮುದ್ರದಲ್ಲಿ ಕೋಸ್ಟ್ ಗಾರ್ಡ್ 1554. ನೇವಿಗೆ ಬೇರೆ ನಂಬರ್ ಹುಡುಕೋದು ಬೇಡ. 1077ಕ್ಕೆ ಹೇಳುವಾಗ ಊರಿನ ಹೆಸರಿನ ಜೊತೆ ಕೇರಿಯ ಹೆಸರು, ಎಷ್ಟು ಜನ ಇದ್ದಾರೆ, ನೀರು ಸೊಂಟದವರೆಗೋ ಕುತ್ತಿಗೆಯವರೆಗೋ, ಹತ್ತಿರ ಬೋಟು ಇಳಿಸುವ ಜಾಗ ಯಾವುದು, ಯಾರಿಗಾದರೂ ಜ್ವರ ಇದೆಯೋ ಅನ್ನೋದನ್ನು ಹೇಳಿ. ಆ ನಾಲ್ಕು ಸಾಲು ಡಿಸಿ ಮೇಜಿನಿಂದ ನೌಕಾನೆಲೆಗೆ ಹಾಗೇ ಹೋಗ್ತದೆ.